ಗುಟ್ಟು ಹೇಳಿದವಳು ನನ್ನ ಸೊಸೆಯಲ್ಲ, ನಾನು

ಕೈಗಾರಿಕಾ ಅಭಿವೃದ್ಧಿ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡುವುದು ಪದ್ಧತಿ. ಮೊದಲು ವಿಷಯ ಹೇಳಿಬಿಡುತ್ತೇನೆ, ಮಾನ್ಯತೆಯ ಮಾತು ಆಮೇಲೆ ನೋಡೋಣ. ನಿಮ್ಮ ಕಚೇರಿಯಿಂದ ನಮ್ಮ ಮನೆಗೆ ಒಂದೇ ದಿನ ಎರಡು ಲಕೋಟೆ ಬಂದವು. ಒಂದರಲ್ಲಿ, ಕಂಪನಿಯ ಗೋಪ್ಯ ಮಾಹಿತಿಯನ್ನು ಹೊರಗೆಡವಿ ನಷ್ಟ ಉಂಟುಮಾಡಿದ್ದರಿಂದ ನನ್ನ ಸೊಸೆಯನ್ನು ಕೊಡೆ ಕಾರ್ಖಾನೆಯ ಆಯ್ಕೆಯಿಂದ ಕೈಬಿಡಲಾಗಿದೆ ಎಂದಿತ್ತು. ಇನ್ನೊಂದರಲ್ಲಿ, ಅದೇ ಕಾರ್ಖಾನೆಯ ಪ್ರಾರಂಭೋತ್ಸವಕ್ಕೆ ಹಳೆಯ ಕಾರ್ಮಿಕರ ಪರವಾಗಿ ನಾನು ವೇದಿಕೆ ಹತ್ತಿ ಸ್ವಾಗತ ಭಾಷಣ ಮಾಡಬೇಕೆಂದಿತ್ತು. ಅತ್ತೆಗೆ ಹಾರ, ಸೊಸೆಗೆ ಬಾಗಿಲು. ಎರಡರ ಕೆಳಗೂ ನಿಮ್ಮದೇ ಸಹಿ. ಸಹಿ ಹಾಕುವಾಗ ವಿಳಾಸ ನೋಡುವ ಅಭ್ಯಾಸ ನಿಮ್ಮ ಕಚೇರಿಯಲ್ಲಿ ಇಲ್ಲವೆಂದು ಕಾಣುತ್ತದೆ.

ನನ್ನ ಸೊಸೆ ಯಾವ ಗುಟ್ಟನ್ನೂ ಹೇಳಲಿಲ್ಲ. ಹೇಳಿದವಳು ನಾನು. ಇದನ್ನು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು ಹೇಳೋಣವೆಂದು ಎರಡು ಸಲ ಬಂದೆ. ಮೊದಲ ಸಲ ನೀವು ಸಭೆಯಲ್ಲಿದ್ದಿರಿ. ಎರಡನೆಯ ಸಲ ನಿಮ್ಮ ಗುಮಾಸ್ತರು, "ಏನಿದ್ರೂ ಬರೆದು ಕೊಡಿ ಅಮ್ಮ" ಅಂದರು. ಸರಿ, ಬರೆಯುತ್ತಿದ್ದೇನೆ. ಆದರೆ ಅವರ ಟ್ರೇಗೆ ಹಾಕುವುದಿಲ್ಲ. ಆ ಆರೋಪವನ್ನು ನಿಮ್ಮ ಕಚೇರಿಯ ಹೊರಗಿನ ಫಲಕದಲ್ಲೂ ಹಾಕಿಸಿದ್ದರಿಂದ ನನ್ನ ಸೊಸೆಗೆ ಚಾಡಿಕೋರಳು ಎಂಬ ಹೆಸರು ಬೀದಿಯಲ್ಲಿ ಬಂದಿದೆ, ಆದ್ದರಿಂದ ಉತ್ತರವೂ ಬೀದಿಯಲ್ಲೇ ಆಗಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಹೈಸ್ಕೂಲಿನವರೆಗೆ ಓದಿದವಳು. ಅಂಕಿಅಂಶದ ಭಾಷೆ ನನಗೆ ಬರುವುದಿಲ್ಲ. ಆದರೆ ಈ ಕಂಪನಿ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ, ಈಗ ಬರುವುದನ್ನೂ ಕಾಣುತ್ತಿದ್ದೇನೆ. ನೀವು ಈ ಕುರ್ಚಿಗೆ ಬಂದದ್ದು ಇತ್ತೀಚೆಗೆ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ರೈಲ್ವೆ ಗೇಟಿನಾಚೆ, ತಗಡಿನ ಚಾವಣಿಯ ಉದ್ದನೆಯ ಕಟ್ಟಡ. ಒಂದು ತುದಿಯಲ್ಲಿ ಬಟ್ಟೆಯ ಥಾನು ಬಿಚ್ಚಿಕೊಂಡರೆ ಇನ್ನೊಂದು ತುದಿಯಲ್ಲಿ ಕೊಡೆ ಬಿಚ್ಚಿಕೊಳ್ಳುತ್ತಿತ್ತು. ನಡುವೆ ನಾವು. ಕತ್ತರಿಸುವವರು, ತ್ರಿಕೋನದ ತುಂಡುಗಳನ್ನು ಕೂಡಿಸಿ ಹೊಲಿಯುವವರು, ಅಂಚು ಮಡಿಸುವವರು, ಹಿಡಿ ಕೂರಿಸುವವರು. ನಮ್ಮ ಯಜಮಾನರು ಕಡ್ಡಿ ಜೋಡಿಸುವ ಕಡೆ. ನನ್ನದು ಬಟ್ಟೆಯನ್ನು ಕಡ್ಡಿಯ ತುದಿಗಳಿಗೆ ಕೈಯಲ್ಲಿ ಹೊಲಿಯುವ ಸೀಟು. ಬಿಗಿ ಹೆಚ್ಚಾದರೆ ಬಟ್ಟೆ ಹರಿಯುತ್ತದೆ, ಸಡಿಲವಾದರೆ ಮೊದಲ ಗಾಳಿಗೇ ಕೊಡೆ ಮಗುಚಿಕೊಳ್ಳುತ್ತದೆ. ಇದೇನೂ ದೊಡ್ಡ ವಿದ್ಯೆಯಲ್ಲ, ನಾಲ್ಕು ತಿಂಗಳು ಕೂತರೆ ಯಾರಿಗಾದರೂ ಬರುತ್ತದೆ. ನಮ್ಮ ಕೈಯಲ್ಲಿ ಏನೋ ಮಾಯೆ ಇತ್ತು, ಅದನ್ನು ಹುಡುಕಿಕೊಂಡು ಕಂಪನಿ ಮರಳಿ ಬಂತು ಎಂದು ನೀವು ನನ್ನ ಭಾಷಣದಲ್ಲಿ ಬರೆಸಿದ್ದೀರಿ. ಹೊಗಳಿದ್ದಕ್ಕೆ ಸಂತೋಷ. ಅದು ಸುಳ್ಳು. ಯಾರಿಗಾದರೂ ಬರುತ್ತದೆ ಎಂಬ ಕಾರಣಕ್ಕೇ ಅದನ್ನು ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು.

ಹೊತ್ತುಕೊಂಡು ಹೋದದ್ದು ಹೀಗೆ. ಒಂದು ದಿನ ಕಡಲಾಚೆಯಿಂದ ಹೆಣ್ಣುಮಕ್ಕಳ ಒಂದು ತಂಡ ಬಂತು. ಮ್ಯಾನೇಜರು ಕೈ ಉಜ್ಜಿಕೊಳ್ಳುತ್ತಾ ನಮ್ಮ ಮುಂದೆ ನಿಂತು, "ಇವರು ನಮ್ಮ ಅತಿಥಿಗಳು. ಒಂದಿಷ್ಟೂ ಮುಚ್ಚಿಡದೆ ಹೇಳಿಕೊಡಿ, ಕಂಪನಿಯ ಮರ್ಯಾದೆ ಪ್ರಶ್ನೆ" ಅಂದರು. ಪ್ರತಿಯೊಂದು ಸೀಟಿನ ಎಡಕ್ಕೂ ಒಂದೊಂದು ಬೆಂಚು ಹಾಕಿಸಿದರು. ಅತಿಥಿ ನಮ್ಮ ಪಕ್ಕ ಕೂತು, ಅದೇ ತಟ್ಟೆಯಿಂದ ಸೂಜಿ ತೆಗೆದು, ನಮ್ಮ ಕೈ ನೋಡುತ್ತಾ ಕೆಲಸ ಮಾಡಬೇಕು. ಈ ಕಂಪನಿಯಲ್ಲಿ ಕಲಿಸುವ ರೀತಿಯೇ ಅದು. ನನ್ನ ಪಕ್ಕ ಬಂದವಳು ನಾಚಿಕೆಯ ಹುಡುಗಿ. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ಬೆರಳು ಹಿಡಿದು ಕೂರಿಸಿ ಕಲಿಸಿದೆ. ತಪ್ಪಿದಾಗ ಕೈ ಮೇಲೆ ಮೆಲ್ಲಗೆ ಒಂದು ಏಟು, ಸರಿಯಾದಾಗ ಬೆನ್ನ ಮೇಲೆ ಒಂದು ತಟ್ಟು. ಕಲಿಸಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಕಲಿಯಲು ಬಂದವರಿಗೆ ಇಲ್ಲ ಎನ್ನುವ ಮನೆಯಲ್ಲಿ ನಾನು ಹುಟ್ಟಿಲ್ಲ. ಹೊರಡುವ ದಿನ ಅವಳು ನನ್ನ ಎರಡೂ ಕೈ ಹಿಡಿದು ಅತ್ತಳು. ಬಿಟ್ಟುಹೋಗುವ ದುಃಖ ಎಂದುಕೊಂಡೆ. ನಮಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತೋ ಏನೋ.

ಅತಿಥಿಗಳು ಹೋದ ಮೇಲೆ ಬಂದ ವಾರದ ರಜೆ ಕಳೆದು ಕೆಲಸಕ್ಕೆ ಹೋದರೆ ಗೇಟಿಗೆ ಬೀಗ. ಒಳಗೆ ಹೊಲಿಗೆ ಯಂತ್ರಗಳಿದ್ದ ಜಾಗದಲ್ಲಿ ನೆಲಕ್ಕೆ ಬೋಲ್ಟ್ ಹಾಕಿದ್ದ ತೂತುಗಳು. ನಾನು ಕಿಟಕಿಗೆ ಮುಖವಿಟ್ಟು ನೋಡಿದ್ದೇನೆ. ಆ ಹಿಂದಿನ ವಾರವಷ್ಟೇ ನಮ್ಮ ಯಜಮಾನರು ಮನೆಯ ಪಕ್ಕ ಇನ್ನೊಂದು ಕೋಣೆಗೆಂದು ಪಾಯ ಅಗೆಸಿದ್ದರು. ಕಲ್ಲು ಬಂದು ಬಿದ್ದಿತ್ತು. ಮ್ಯಾನೇಜರು ಖುದ್ದಾಗಿ ಅವರ ಭುಜ ತಟ್ಟಿ, "ಕಟ್ಟಿಸಿ, ಕಟ್ಟಿಸಿ, ಒಳ್ಳೇ ಕೆಲಸ" ಅಂದಿದ್ದರಂತೆ. ಆ ಮನುಷ್ಯನಿಗೆ ಆಗಲೇ ತಿಳಿದಿತ್ತಲ್ಲ? ಒಂದು ಮಾತು ಕಿವಿಯಲ್ಲಿ ಹೇಳಿದ್ದರೆ ನಾವು ಪಾಯ ಮುಚ್ಚುತ್ತಿದ್ದೆವು. ಆ ಕಲ್ಲಿನ ಬಾಕಿ ತೀರಿಸುವುದರಲ್ಲೇ ಯಜಮಾನರ ಬೆನ್ನು ಬಾಗಿತು. ಕಣ್ಣು ಮುಚ್ಚುವಾಗಲೂ ಅವರು ಕಂಪನಿಯನ್ನು ಬೈಯಲಿಲ್ಲ. "ಹೋಗೋರು ಹೋಗ್ತಾರೆ ಬಿಡೇ. ಹೇಳಿ ಹೋಗಬಹುದಿತ್ತು" ಅಂದರು. ಅಷ್ಟೇ ಅವರ ದೂರು. ನನ್ನದೂ ಇವತ್ತು ಅಷ್ಟೇ, ಮಾತು ಮಾತ್ರ ಅವರಷ್ಟು ಮೆತ್ತಗಿಲ್ಲ.

ಕಂಪನಿ ಯಾಕೆ ಹೋಯಿತು ಎಂದು ಆಗ ಯಾರೂ ನಮಗೆ ಹೇಳಲಿಲ್ಲ. ತಿಳಿಯುವುದಕ್ಕೆ ದೊಡ್ಡ ಓದೇನೂ ಬೇಡ. ಅಲ್ಲಿ ಕೂಲಿ ಕಡಿಮೆ. ಬಂದರಿನ ಪಕ್ಕದಲ್ಲೇ ಜಾಗ. ಅಲ್ಲಿಯೂ ನಿಮ್ಮಂಥವರೇ ಒಬ್ಬ ಅಧಿಕಾರಿ ಕುಳಿತು, ಇಷ್ಟು ವರ್ಷ ತೆರಿಗೆ ಕೊಡಬೇಡಿ, ಕರೆಂಟು ಅಗ್ಗಕ್ಕೆ ಕೊಡುತ್ತೇನೆ, ಕೆಲಸದವರು ತುಟಿ ಬಿಚ್ಚದಂತೆ ನೋಡಿಕೊಳ್ಳುತ್ತೇನೆ ಎಂದು ಕರೆದಿದ್ದಾರೆ. ದೂರದ ಮಾರುಕಟ್ಟೆಯಲ್ಲಿ ತರಕಾರಿ ಅಗ್ಗ ಎಂದು ನಾವೂ ಚೀಲ ಹಿಡಿದು ಹೋಗುವುದಿಲ್ಲವೇ? ಹಾಗೆ ಹೋದರು. ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ವ್ಯಾಪಾರ ಮಾಡುವವನು ವ್ಯಾಪಾರ ಮಾಡುತ್ತಾನೆ. ಅಂಗಡಿಯಲ್ಲಿ ಅಗ್ಗದ ಕೊಡೆಯನ್ನೇ ಆರಿಸಿಕೊಳ್ಳುವವರು ನಾವೂ ಹೌದು. ತರಕಾರಿಯಲ್ಲಿ ಉಳಿಸಿದ್ದಕ್ಕಿಂತ ಆಟೋ ಬಾಡಿಗೆ ಹೆಚ್ಚಾದ ದಿನ ನಾವು ಮತ್ತೆ ಮನೆ ಹತ್ತಿರದ ಗಾಡಿಯವನ ಹತ್ತಿರವೇ ಕೊಳ್ಳುತ್ತೇವೆ. ಆಗ ಅವನ ಮೇಲೆ ಪ್ರೀತಿ ಉಕ್ಕಿ ಬಂದಿದೆ ಎಂದು ಯಾರಾದರೂ ಭಾಷಣ ಮಾಡುತ್ತಾರೆಯೇ?

ನೀವು ಮಾಡುತ್ತೀರಿ. ನನಗೆ ಕಳಿಸಿದ ಭಾಷಣದಲ್ಲಿ, "ದೂರ ಹೋಗಿದ್ದ ಮಗಳು ತವರಿಗೆ ಮರಳಿದಂತೆ ಈ ಸಂಸ್ಥೆ ನಮ್ಮಲ್ಲಿಗೆ ಮರಳಿದೆ" ಎಂದು ಬರೆಸಿದ್ದೀರಿ. ಸ್ವಾಮಿ, ತವರಿಗೆ ಬರುವ ಮಗಳು ಬರುವ ಮುಂಚೆ ಜಾಗ ಎಷ್ಟು ಬಿಡುತ್ತೀರಿ, ಕರೆಂಟು ಯಾವ ದರಕ್ಕೆ ಕೊಡುತ್ತೀರಿ, ತೆರಿಗೆ ಎಷ್ಟು ವರ್ಷ ಕೇಳುವುದಿಲ್ಲ ಎಂದು ಕರಾರು ಮಾಡಿಕೊಂಡು ಬರುತ್ತಾಳೆಯೇ? ಅಂಥ ಮಗಳನ್ನು ನಾನಂತೂ ಹೆತ್ತಿಲ್ಲ.

ನಾನು ಹೆತ್ತ ಮಗಳ ವಿಷಯ ಹೇಳುತ್ತೇನೆ, ಯಾಕೆಂದರೆ ಈ ಕಥೆ ಅವಳದ್ದೇ. ಕಾರ್ಖಾನೆ ಮುಚ್ಚಿದಾಗ ಅವಳು ಅಲ್ಲೇ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ. ಕಡಲಾಚೆ ಹಾಕಿದ ಲೈನು, ಅಂದರೆ ಸೀಟುಗಳ ಸಾಲು, ಹಳಿಗೆ ಬರಲಿಲ್ಲ, ಕೊಡೆಗಳು ಮಗುಚುತ್ತಿದ್ದವು. ಆಗ ಕಂಪನಿ ನಮ್ಮಲ್ಲಿ ಕೆಲವರನ್ನು ಹೇಳಿಕೊಡಲು ಬನ್ನಿ ಎಂದು ಕರೆಯಿತು. ಅವಳು ಹೋದಳು. ಮನೆಯಲ್ಲಿ ಎಲ್ಲರ ಕೈ ಖಾಲಿಯಿದ್ದ ಹೊತ್ತು, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಒಂದು ಹಂಗಾಮು ಎಂದು ಹೋದವಳು ಅಲ್ಲೇ ಯಂತ್ರ ರಿಪೇರಿ ಮಾಡುವವನನ್ನು ಮದುವೆಯಾದಳು, ಆ ದೇಶದ ಮಾತು ಕಲಿತಳು, ಈಗ ಇಡೀ ಲೈನಿನ ಮೇಲ್ವಿಚಾರಕಿ. ನಮ್ಮ ಎದುರುಮನೆಯ ಟೈಲರಮ್ಮ ಆಗ ಬಟ್ಟೆ ಅಳೆಯುತ್ತಾ, "ಏನ್ರೀ, ಕಂಪನಿಯೋರು ಕೊಡೆ ಜೊತೆ ನಿಮ್ಮ ಮಗಳನ್ನೂ ಪ್ಯಾಕ್ ಮಾಡ್ಕೊಂಡು ಹೋದ್ರಲ್ಲ!" ಎಂದಿದ್ದಳು. "ಹೂಂ ಕಣಮ್ಮ, ಒಳ್ಳೇ ಮಾಲನ್ನ ಮಾತ್ರ ಒಯ್ದರು, ನಿನ್ನನ್ನ ಇಲ್ಲೇ ಬಿಟ್ಟರು" ಎಂದು ನಾನೂ ಬಿಡಲಿಲ್ಲ.

ಈಗ ಕಂಪನಿ ಯಾಕೆ ಬರುತ್ತಿದೆ? ಅದನ್ನೂ ಮಗಳೇ ಫೋನಿನಲ್ಲಿ ಆಗಾಗ ಹೇಳುತ್ತಿದ್ದಳು. ಹಡಗಿನ ಬಾಡಿಗೆ ಏರಿತು. ಒಂದು ವರ್ಷ ಕೊಡೆಗಳೆಲ್ಲ ಪೆಟ್ಟಿಗೆಯಲ್ಲಿ ಸಮುದ್ರದ ಮೇಲೇ ಉಳಿದು, ಮಳೆ ನಿಂತ ಮೇಲೆ ಅಂಗಡಿ ಸೇರಿದವು. ಮಳೆ ಮುಗಿದ ಮೇಲೆ ಬಂದ ಕೊಡೆಯನ್ನು ಯಾರಿಗೆ ಮಾರುವುದು? ಅಂಗಡಿಯವರು ಈಗ ರಾಶಿ ಮಾಲು ಒಟ್ಟಿಗೆ ತರಿಸುವುದಿಲ್ಲ, ಮೋಡ ನೋಡಿಕೊಂಡು ಸ್ವಲ್ಪ ಸ್ವಲ್ಪ ಕೇಳುತ್ತಾರೆ, ಅದಕ್ಕೆ ಕಾರ್ಖಾನೆ ಹತ್ತಿರ ಇರಬೇಕು. ಅಲ್ಲಿನ ಹೆಣ್ಣುಮಕ್ಕಳೂ ಗಟ್ಟಿಯಾಗಿ ಮಾತಾಡುವುದನ್ನು ಕಲಿತರು, ಕೂಲಿ ಹೆಚ್ಚಿತು. ಕತ್ತರಿಸುವುದಕ್ಕೆ ಹೊಸ ಯಂತ್ರ ಬಂತು, ಅಷ್ಟು ಜನ ಬೇಕಾಗಿಲ್ಲ. ಮೇಲಿಂದ ಈ ಕಡೆ ನೀವು ಜಾಗ ಹಿಡಿದು ನಿಂತಿದ್ದೀರಿ. ಇಷ್ಟು ಕಾರಣ ಸೇರಿದರೆ ಯಾರು ಬರುವುದಿಲ್ಲ? ಬರಲಿ. ಬರಬೇಡ ಎನ್ನುವಷ್ಟು ಕೊಬ್ಬು ನಮಗಿಲ್ಲ. ನನ್ನ ಮಗ ಲಾರಿ ಓಡಿಸುತ್ತಾನೆ, ಅವನೊಬ್ಬನ ದುಡಿಮೆಯಲ್ಲಿ ಮನೆ ನಡೆಯುತ್ತಿದೆ. ನನ್ನ ಸೊಸೆ ನಿಮ್ಮ ಆಯ್ಕೆಯಲ್ಲಿ ಪಾಸಾದ ದಿನ ನಾನೇ ಬೀದಿಗೆಲ್ಲ ಸಿಹಿ ಹಂಚಿದ್ದೇನೆ.

ಸೊಸೆಯನ್ನು ಮತ್ತು ಅವಳ ಜೊತೆಯವರನ್ನು ಕಂಪನಿ ತರಬೇತಿಗೆಂದು ಕಡಲಾಚೆ ಕಳಿಸಿತು. ಅದೇ ಕಾರ್ಖಾನೆಗೆ, ನನ್ನ ಮಗಳ ಲೈನಿಗೇ. ಅಲ್ಲಿಯದೂ ನಡೆಯುತ್ತದೆ, ಇಲ್ಲಿಯದು ಹೆಚ್ಚುವರಿ ಎಂದು ಕಂಪನಿ ಅಲ್ಲಿಯವರಿಗೆ ಹೇಳಿತ್ತು. ನಾವೂ ಹಾಗೆಯೇ ನಂಬಿದ್ದೆವು. ಅತ್ತಿಗೆ ನಾದಿನಿಯರು ಇಬ್ಬರೂ ಒಂದೇ ಕಂಪನಿ, ಎರಡು ದಡ, ಎಂಥ ಯೋಗ ಎಂದು ನಾನು ಹಿಗ್ಗಿದ್ದೆ. ಹೊರಡುವ ಮುಂಚೆ ಇವರೆಲ್ಲರಿಂದ ಒಂದು ಮಾತು ತೆಗೆದುಕೊಂಡಿದ್ದರು: ಕಂಪನಿಯ ಯೋಜನೆಯ ಬಗ್ಗೆ ಅಲ್ಲಿ ಯಾರ ಹತ್ತಿರವೂ ಬಾಯಿಬಿಡಬಾರದು. ಏನು ಯೋಜನೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಹೋಗಿ ಒಂದು ವಾರವಾಗಿರಬೇಕು, ಸಂಜೆ ಫೋನ್ ಮಾಡಿದಳು. ಆ ಮಾತುಕತೆಯನ್ನು ಇದ್ದಂತೆ ಬರೆಯುತ್ತೇನೆ, ಏಕೆಂದರೆ ನೀವು ಅಪರಾಧ ಎಂದದ್ದು ಇದನ್ನೇ.

"ಎಲ್ಲಿ ಕೂರಿಸಿದಾರೆ ನಿನ್ನ?" ಅಂದೆ.

"ಅಕ್ಕನ ಪಕ್ಕದಲ್ಲೇ ಅತ್ತೆ. ಅವರಿಗೆ ಮೇಲ್ವಿಚಾರಣೆ ಜೊತೆ ಒಂದು ಸೀಟೂ ಇದೆ. ನನಗೆ ಎಡಗಡೆ ಬೆಂಚು. ಗಟ್ಟಿ ಅಂತ ಅಕ್ಕ ಮನೆಯಿಂದ ದಿಂಬು ತಂದುಕೊಟ್ಟಿದಾರೆ."

"ಬೆಂಚು ನಿನಗೊಬ್ಬಳಿಗೇನಾ?"

"ಇಲ್ಲ, ಎಲ್ಲರಿಗೂ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸೀಟು ಅಂತ ಹಂಚಿದಾರೆ."

"ಬೆಂಚಿಲ್ಲದ ಸೀಟು ಎಷ್ಟು ಉಳಿದಿದೆ?"

"ಒಂದೂ ಇಲ್ಲ. ಅತ್ತೆ, ದಯವಿಟ್ಟು ನನ್ನನ್ನ ಏನೂ ಕೇಳಬೇಡಿ. ಮಾತು ಕೊಟ್ಟು ಬಂದಿದೀನಿ" ಅಂದಳು.

"ನಾನೇನು ಕೇಳಿದೆ? ಕೂರೋಕೆ ಜಾಗ ಇದೆಯಾ ಅಂತ ಕೇಳಿದೆ. ಊಟ ಮಾಡಿ ಮಲಕ್ಕೋ" ಎಂದು ಇಟ್ಟುಬಿಟ್ಟೆ.

ಇಷ್ಟೇ. ಇದರಲ್ಲಿ ಗೋಪ್ಯ ಮಾಹಿತಿ ಎಲ್ಲಿದೆ, ತೋರಿಸಿ. ತಾನು ಎಲ್ಲಿ ಕೂತಿದ್ದೇನೆ ಎಂದು ಒಬ್ಬ ಹೆಣ್ಣುಮಗಳು ಮನೆಗೆ ಹೇಳಬಾರದೇ? ನಿಮಗಾಗಲೀ ಅವಳನ್ನು ವಿಚಾರಣೆ ಮಾಡಿದ ನಿಮ್ಮ ಸಮಿತಿಗಾಗಲೀ ಆ ಮಾತಿನಿಂದ ಏನೂ ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು, ಯಾಕೆಂದರೆ ಆ ಬೆಂಚಿನ ಬಲಕ್ಕೆ ನಾನು ಕೂತಿದ್ದವಳು. ಈ ಕಂಪನಿಯಲ್ಲಿ ನೋಡಲು ಬಂದವರು ನಿಂತು ನೋಡಿಕೊಂಡು ಹೋಗುತ್ತಾರೆ. ಹೆಚ್ಚುವರಿ ಕೆಲಸ ಕಲಿಯಲು ಬಂದವರಿಗೆ ಅಲ್ಲೊಂದು ಇಲ್ಲೊಂದು ಜಾಗ ಕೊಡುತ್ತಾರೆ. ಒಂದು ಸೀಟೂ ಬಿಡದೆ ಬೆಂಚು ಹಾಕಿದರೆಂದರೆ ಇಡೀ ಲೈನು ಎದ್ದು ಹೋಗುತ್ತದೆ ಎಂದೇ ಅರ್ಥ. ಅಲ್ಲಿಯದನ್ನು ಮುಚ್ಚುತ್ತಿದ್ದಾರೆ. ನನ್ನ ಮಗಳು ತನ್ನ ಜಾಗಕ್ಕೆ ಬಂದವಳಿಗೆ ದಿಂಬು ಹಾಕಿ ಕೂರಿಸಿದ್ದಾಳೆ. ಬಂದವಳು ನನ್ನ ಸೊಸೆ.

ಇಡೀ ದಿನ ಸುಮ್ಮನಿದ್ದೆ. ನಾನು ಸಮಾಧಾನದ ಹೆಂಗಸಲ್ಲ, ಆದರೂ ಇದ್ದೆ. ಹೇಳಿದರೆ ಸೊಸೆಯ ಕೆಲಸಕ್ಕೆ ಕುತ್ತು ಬಂದೀತು, ಹೇಳದಿದ್ದರೆ ಮಗಳು ಕತ್ತಲೆಯಲ್ಲಿ. ಯಾವ ಕಣ್ಣಿಗೆ ಸುಣ್ಣ ಹಚ್ಚಿಕೊಳ್ಳಲಿ? ಹಾಗೇ ಇರುತ್ತಿದ್ದೆನೇನೋ. ಮರುದಿನ ಮಗಳೇ ಫೋನ್ ಮಾಡಿ, "ಅಮ್ಮಾ, ಮನೆ ನೋಡಿದ್ವಿ ಅಂದಿದ್ನಲ್ಲ, ಅದೇ ಗಟ್ಟಿಯಾಯ್ತು. ಎರಡು ಕೋಣೆ, ಮುಂದೆ ಒಂಚೂರು ಜಾಗ. ಕೂಡಿಟ್ಟಿದ್ದೆಲ್ಲ ಸೇರಿಸಿ ನಾಡಿದ್ದು ಮುಂಗಡ ಕೊಡ್ತಿದೀವಿ. ಉಳಿದದ್ದು ಸಾಲ" ಅಂದಳು. ಅವಳ ದನಿಯಲ್ಲಿ ನಗು ಇತ್ತು.

"ಕೊಡಬೇಡ" ಅಂದೆ.

"ಯಾಕಮ್ಮಾ? ಮನೆ ಸೋರುತ್ತೆ ಅಂತ ನಿನಗೆ ಅಲ್ಲಿಂದಲೇ ಕಾಣಿಸ್ತಾ?"

"ನಗಬೇಡ. ನಾಳೆ ಲೈನಿಗೆ ಹೋದಾಗ ಬೆಂಚು ಎಷ್ಟು ಸೀಟಿಗೆ ಹಾಕಿದಾರೆ ನೋಡು. ನೋಡಿ ಆಮೇಲೆ ಮನೆ ಮಾತಾಡು."

"ಎಲ್ಲದಕ್ಕೂ ಹಾಕಿದಾರೆ, ಅದಕ್ಕೇನೀಗ..." ಎಂದವಳು ಅಲ್ಲಿಗೇ ನಿಂತಳು. ಅವಳೂ ಇಲ್ಲಿ ಆ ದಿನಗಳನ್ನು ಕಂಡವಳೇ. ಸಂತೋಷದಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. "ಅವಳು ಹೇಳಿದ್ಲಾ?" ಅಂದಳು.

"ಅವಳು ಹೇಳಲಿಲ್ಲ. ಹೇಳೋದೂ ಇಲ್ಲ. ಅವಳನ್ನ ಕೆಣಕಬೇಡ. ಇದು ನಾನು ಹೇಳ್ತಿರೋದು, ನಿಮ್ಮಪ್ಪ ಅಗೆಸಿದ ಪಾಯ ನೋಡಿದವಳು."

ಇದೇ ನಾನು ಮಾಡಿದ ಕೆಲಸ. ಇದನ್ನು ಮಾಡದೆ ಇರುವ ತಾಯಿ ನಿಮ್ಮ ಕಚೇರಿಯಲ್ಲಿ ಯಾರಾದರೂ ಇದ್ದರೆ ನನಗೆ ತೋರಿಸಿ. ಮಾತು ಕೊಟ್ಟವಳು ಸೊಸೆ, ನಾನಲ್ಲ. ನನ್ನಿಂದ ಯಾರೂ ಮಾತು ಕೇಳಲೇ ಇಲ್ಲ. ಈ ಕಂಪನಿ ನನ್ನಿಂದ ಕೆಲಸ ಬಿಟ್ಟು ಬೇರೇನನ್ನೂ ಕೇಳಿದ್ದೇ ಇಲ್ಲ.

ಮುಂದಿನದು ನಿಮ್ಮ ಕಡತದಲ್ಲಿರಬೇಕು. ಮಗಳು ಲೈನಿನವರಿಗೆಲ್ಲ ಹೇಳಿದಳು. ಅವರು ಕಲ್ಲು ತೂರಲಿಲ್ಲ, ಬೆಂಕಿ ಹಚ್ಚಲಿಲ್ಲ. ಕೈಕಟ್ಟಿ ತಮ್ಮ ತಮ್ಮ ಸೀಟಿನಲ್ಲೇ ಕೂತರು. ಮುಚ್ಚುವುದಾದರೆ ಮುಚ್ಚುತ್ತೇವೆ ಎಂದು ಹೇಳಿ, ಕಾನೂನು ಪ್ರಕಾರ ಕೊಡಬೇಕಾದ್ದನ್ನು ಕೊಟ್ಟು ಕಳಿಸಿ ಎಂದರು. ಹಂಗಾಮಿನ ಕೊನೆಯ ಆರ್ಡರು ಅರ್ಧಕ್ಕೆ ನಿಂತಿತ್ತು, ಕಂಪನಿಗೆ ಬೇರೆ ದಾರಿಯಿರಲಿಲ್ಲ. ಒಪ್ಪಿತು, ಕೊಟ್ಟಿತು. ಸೊಸೆಗೆ ಬಂದ ಪತ್ರದಲ್ಲಿ "ನಷ್ಟ" ಎಂದು ಬರೆದಿದ್ದೀರಲ್ಲ, ಆ ನಷ್ಟ ಇದೇ. ದುಡಿದವರಿಗೆ ಸಲ್ಲಬೇಕಾದದ್ದು ಸಂದರೆ ಅದಕ್ಕೆ ನಿಮ್ಮ ಭಾಷೆಯಲ್ಲಿ ನಷ್ಟ ಎಂದು ಹೆಸರು. ಹಾಗಾದರೆ ನಮ್ಮ ಗೇಟಿಗೆ ಬೀಗ ಬಿದ್ದಾಗ ಯಾರಿಗೂ ಏನೂ ಕೊಡದೆ ಹೋದದ್ದಕ್ಕೆ ಲಾಭ ಎನ್ನಬೇಕು. ಆಗ ಈ ಕುರ್ಚಿಯಲ್ಲಿದ್ದವರು ಒಂದು ಸಾಲಿನ ಪತ್ರವನ್ನಾದರೂ ಬರೆದಿದ್ದರೆ ನನಗೆ ಹುಡುಕಿ ತೋರಿಸಿ.

ಸೊಸೆಯ ವಿಚಾರ. ಆ ಗಲಾಟೆಯ ನಡುವೆಯೂ ನನ್ನ ಮಗಳು ಅವಳಿಗೆ ಕಲಿಸುವುದನ್ನು ನಿಲ್ಲಿಸಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರ ಜೊತೆ ಕೈಕಟ್ಟಿ ಕೂತವಳು ಸಂಜೆ ಮನೆಗೆ ಕರೆದುಕೊಂಡು ಹೋಗಿ ಅಡುಗೆ ಕಟ್ಟೆಯ ಮೇಲೆ ಕಡ್ಡಿ ಹರಡಿ ಹೇಳಿಕೊಟ್ಟಳಂತೆ. "ನಿನಗಲ್ಲದೆ ಇನ್ಯಾರಿಗೆ ಹೋಗಬೇಕಿತ್ತು ಇದು? ಯಾರೋ ಒಬ್ಬರಿಗೆ ಹೋಗೇ ಹೋಗ್ತಿತ್ತು. ಅಳಬೇಡ, ಸೂಜಿ ಕಾಣಲ್ಲ" ಅಂದಳಂತೆ. ಹಾಗೆ ಕಲಿತು ಬಂದವಳನ್ನು ನಿಮ್ಮ ವಿಚಾರಣಾ ಸಮಿತಿ ಕೂರಿಸಿಕೊಂಡು, ಯಾರು ಹೇಳಿದ್ದು ಎಂದು ಕೇಳಿತು. ಗೊತ್ತಿಲ್ಲ ಎಂದಳು. ಮತ್ತೆ ಮತ್ತೆ ಕೇಳಿದರು. ಗೊತ್ತಿಲ್ಲ. ಮೇಲ್ವಿಚಾರಕಿ ನಿನ್ನ ನಾದಿನಿ, ನೀನಲ್ಲದೆ ಇನ್ಯಾರು ಎಂದು ನೀವೇ ತೀರ್ಪು ಕೊಟ್ಟಿರಿ.

ಪತ್ರ ಬಂದ ದಿನ ಅವಳನ್ನು ಅಡುಗೆಮನೆಗೆ ಕರೆದು ಬೈದೆ. "ನಾನು ಅಂತ ಗೊತ್ತಿತ್ತಲ್ಲ ನಿನಗೆ? ನಮ್ಮತ್ತೆ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ಅತ್ತೆಗೆ ಯಾರು ಹೇಳಿದ್ರು ಅಂತ ಕೇಳ್ತಿದ್ರು. ಹೆಂಗಿದ್ರೂ ನನ್ನ ತಲೆಗೇ ಬರ್ತಿತ್ತು. ನಿಮ್ಮನ್ನೂ ಯಾಕೆ ಎಳೀಲಿ?"

"ನನ್ನನ್ನ ಎಳೆದರೆ ನಾನೇನು ಬೀಳ್ತಿದ್ನಾ?"

"ನೀವು ಬೀಳಲ್ಲ ಅತ್ತೆ, ಸಮಿತಿಯೋರು ಬೀಳ್ತಿದ್ರು" ಎಂದು ನಕ್ಕು, ಹಾಗೇ ಅಳುವುದಕ್ಕೆ ಶುರು ಮಾಡಿದಳು. ನಾನು ಸೊಸೆಯನ್ನು ಮುದ್ದು ಮಾಡುವ ಪೈಕಿ ಅಲ್ಲ. ಏನು ಮಾಡಬೇಕೆಂದು ತೋಚದೆ ಒಲೆಯ ಮೇಲಿದ್ದ ಹಾಲು ಇಳಿಸಿದೆ.

ಈಗ ಅವಳು ಅಂಗಡಿಗೆ ಹೋದರೆ ಆಯ್ಕೆಯಾದ ಉಳಿದ ಹೆಂಗಸರು ಮಾತು ನಿಲ್ಲಿಸುತ್ತಾರೆ. ಆ ಗಲಾಟೆಯಿಂದ ಇಲ್ಲಿಯ ಕಾರ್ಖಾನೆ ತೆರೆಯುವುದು ಮುಂದಕ್ಕೆ ಹೋಯಿತು, ಅವರ ಸಂಬಳವೂ ಮುಂದಕ್ಕೆ ಹೋಯಿತು. ಆ ಸಿಟ್ಟು ಅವರಿಗೆ ಇರಲೇಬೇಕು. "ಇವಳ ಬಾಯಲ್ಲಿ ಮಾತು ನಿಲ್ಲಲ್ಲ, ನಮ್ಮ ಅನ್ನಕ್ಕೆ ಮಣ್ಣು ಹಾಕಿದ್ಲು" ಎಂದು ಟೈಲರಮ್ಮನ ಕಟ್ಟೆಯ ಮೇಲೆ ಕೂತು ಆಡುತ್ತಾರೆ. ಆ ಹೆಂಗಸರಿಗೂ ಈ ಪತ್ರದಲ್ಲೇ ಹೇಳುತ್ತೇನೆ: ಬೈಯಬೇಕಾದರೆ ಎದುರುಮನೆಯ ಬಾಗಿಲು ತಟ್ಟಿ, ನನ್ನನ್ನು ಬೈಯಿರಿ. ನಾನು ಮನೆಯಲ್ಲೇ ಇರುತ್ತೇನೆ. ಬೈದು ಮುಗಿದ ಮೇಲೆ ಒಂದು ಮಾತು ಯೋಚಿಸಿ. ನೀವೀಗ ಕೂರಲು ಹೊರಟಿರುವ ಸೀಟು ಯಾರೋ ಎದ್ದು ಹೋದ ಸೀಟು. ನಾಳೆ ನೀವು ಏಳಬೇಕಾದಾಗ ನಿಮಗೂ ಒಬ್ಬರು ಹೇಳುವವರು ಬೇಡವೇ?

ಇನ್ನು ನಿಮಗೆ, ಅಧಿಕಾರಿಗಳೇ. ನಿಮ್ಮ ವೇದಿಕೆ ನಾನು ಹತ್ತುವುದಿಲ್ಲ. ನನ್ನ ಮಗಳ ಗಂಡನ ಕೆಲಸವೂ ಹೋಗಿದೆ. ಇಬ್ಬರೂ ಮನೆ ಕೊಳ್ಳುವ ಮಾತು ಬಿಟ್ಟು ಬೇರೆ ಕೆಲಸ ಹುಡುಕುತ್ತಿದ್ದಾರೆ. ಕೂಡಿಟ್ಟದ್ದು ಕೈಯಲ್ಲಿ ಉಳಿದಿದೆ ಎಂಬುದೊಂದೇ ಸಮಾಧಾನ. ಅವಳ ಕಾರ್ಖಾನೆ ಮುಚ್ಚಿದ್ದಕ್ಕೆ ಇಲ್ಲಿ ನಿಂತು ಚಪ್ಪಾಳೆ ತಟ್ಟಲು ನನಗೆ ಕೈ ಬರುವುದಿಲ್ಲ. ಇಲ್ಲಿಯದು ತೆರೆಯುವುದಕ್ಕೆ ಶಾಪ ಹಾಕಲೂ ಮನಸ್ಸಿಲ್ಲ. ನಿಮಗೆ ಎಷ್ಟು ಉದ್ಯೋಗ ಬಂತು ಎಂಬುದು ಒಂದೇ ಲೆಕ್ಕ. ನನಗೆ ಒಂದು ಮನೆಯಿಂದ ಎದ್ದದ್ದು ಇನ್ನೊಂದು ಮನೆಗೆ ಬಂತು, ಎರಡೂ ನನ್ನವೇ ಮನೆಗಳು.

ನನಗೆ ಬೇಕಾದದ್ದು ದಾನವಲ್ಲ. ನನ್ನ ಸೊಸೆಯನ್ನು ಅವಳು ಪಾಸಾಗಿ ಪಡೆದ ಕೆಲಸಕ್ಕೆ ತಿರುಗಿ ಸೇರಿಸಿಕೊಳ್ಳಿ. ಅವಳು ಮಾತಿಗೆ ತಪ್ಪಲಿಲ್ಲ ಎಂದು, ಅವಳ ಮೇಲೆ ಆರೋಪ ಹೊರಿಸಿದ ಅದೇ ಫಲಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಿ. ತಪ್ಪು ಯಾರದ್ದಾದರೂ ಇರಲೇಬೇಕು ಎಂದು ನಿಮ್ಮ ನಿಯಮ ಹೇಳಿದರೆ ನನ್ನದೆಂದು ಬರೆದುಕೊಳ್ಳಿ. ನನ್ನನ್ನು ಕಿತ್ತುಹಾಕಲು ನಿಮ್ಮ ಹತ್ತಿರ ಯಾವ ಕೆಲಸವೂ ಉಳಿದಿಲ್ಲ.

ಇನ್ನೊಂದು ಮಾತು. ಅದಾಗದ ಹೊರತು ಮೊದಲಿನದು ಬರೀ ನಮ್ಮ ಮನೆಯ ವಿಷಯವಾಗಿ ಉಳಿಯುತ್ತದೆ. ಜಾಗ, ಕರೆಂಟು, ತೆರಿಗೆ ಎಲ್ಲಕ್ಕೂ ನೀವು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದೀರಿ. ಅದರಲ್ಲಿ ಒಂದು ಸಾಲು ಸೇರಿಸಿ: ಹೊರಡುವವರು ಹೊರಡುವ ಮುಂಚೆ ದುಡಿಯುವವರಿಗೆ ಹೇಳಬೇಕು, ಸಾಕಷ್ಟು ಮುಂಚೆ ಹೇಳಬೇಕು, ಕೊಡಬೇಕಾದದ್ದನ್ನು ಕೊಟ್ಟು ಹೋಗಬೇಕು. ಹೇಳದೆ ಹೊರಟರೆ ನೀವು ಬಿಟ್ಟ ತೆರಿಗೆಯನ್ನೆಲ್ಲ ಕಟ್ಟಿ ಹೊರಡಬೇಕು. ಹಾಗೆ ಕೇಳಿದರೆ ಕಂಪನಿ ಬಾರದೆ ಹೋದೀತು ಎಂದು ನಿಮಗೆ ಭಯ, ನನಗೆ ಗೊತ್ತು. ಹೇಳದೆ ಓಡಿಹೋಗುವ ಉದ್ದೇಶವಿಲ್ಲದವರಿಗೆ ಈ ಸಾಲಿನಿಂದ ತೊಂದರೆ ಏನು?

ಈ ಕಂಪನಿ ಮತ್ತೆ ಹೋಗುತ್ತದೆ. ಹಡಗಿನ ಬಾಡಿಗೆ ಇಳಿದ ದಿನ, ಇನ್ನೊಂದು ದೇಶದಲ್ಲಿ ನಿಮಗಿಂತ ಧಾರಾಳಿಯಾದ ಅಧಿಕಾರಿ ಸಿಕ್ಕ ದಿನ ಹೋಗುತ್ತದೆ. ಅದನ್ನು ನೀವೂ ತಡೆಯಲಾರಿರಿ, ನಾನೂ ತಡೆಯಲಾರೆ. ಆ ಹೊತ್ತಿಗೆ ನೀವು ಬೇರೆ ಕುರ್ಚಿಯಲ್ಲಿರುತ್ತೀರಿ, ನಾನು ಇರುವುದೇ ಇಲ್ಲ. ನನ್ನ ಮಗಳಿಗೆ ಹೇಳುವುದಕ್ಕೆ ನಾನಿದ್ದೆ. ನನ್ನ ಸೊಸೆಗೆ ಹೇಳುವವರು ಯಾರು ಎಂದು ನೀವೀಗಲೇ ಬರೆದಿಡಿ. ಬರೆದರೆ ನಿಮ್ಮನ್ನು ಮಾನ್ಯರೇ ಎಂದು ಕರೆಯಲು ನನ್ನ ಅಡ್ಡಿಯಿಲ್ಲ.

ಇಂತಿ,
ಕಡಲಿನ ಎರಡೂ ದಡದಲ್ಲಿ ಕೆಲಸ ಕಳೆದುಕೊಂಡು ಕೂತ ಹೆಣ್ಣುಮಕ್ಕಳಿರುವ
ಒಂದು ಮನೆಯ ಯಜಮಾನಿ